ಬಳಕೆ ತಪ್ಪಿದ ಪದದ ಅರ್ಥ ಹುಡುಕುವ ಬಗೆ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿಗೆ ಅಲ್ಲಿನ ದೊರೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದಲ್ಲಿಯೇ ‘ಪೞಗನ್ನಡ’ದ ಚರ್ಚೆ ಇದೆ. ಹಿಂದಿನ ಕಾವ್ಯಗಳಲ್ಲಿ ಸೊಗಸಿದ ಮಾತು ಹೊಸ ಬರಹದಲ್ಲಿ ರುಚಿಸದು ಎಂಬುದು ಅದರ ನಿಲುವು. ಅಂಥ ಪದ ಇಂದು ನಮಗೆ ಎದುರಾದರೆ ಊಹಿಸಿ ಅರ್ಥ ಕಟ್ಟಬೇಕಿಲ್ಲ. ಹುಡುಕಲು ಕ್ರಮವಿದೆ. ‘ಪೊೞಲ್’ ಎಂಬ ಪದವನ್ನೇ ಹಿಡಿದು ನೋಡೋಣ.

1. ಮೊದಲು ಧ್ವನಿ: ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ೞಕಾರ ಸಾಮಾನ್ಯವಾಗಿ ಳಕಾರವಾಯಿತು. ಇನ್ನೊಂದು ವ್ಯಂಜನಕ್ಕೆ ಮೊದಲು ಬಂದಾಗ ಅದು ರಕಾರವಾದದ್ದೂ ಉಂಟು: ಗೞ್ದೆ, ಗರ್ದೆ, ಕೊನೆಗೆ ಗದ್ದೆ. ಈ ನಿಯಮದಂತೆ ಪೊೞಲ್ ಎಂಬುದು ಹೊಳಲು.

2. ಬಳಿಕ ನಿಘಂಟು: ಹಳೆಯ, ಹೊಸ ಎರಡೂ ರೂಪಗಳನ್ನು ಹುಡುಕಿ. 1894ರ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದಕ್ಕೆ ಆಧಾರ. ಪೊೞಲ್ ಎಂದರೆ ಪಟ್ಟಣ. ತಮಿಳು, ತೆಲುಗಿನ ಸೋದರ ಪದಗಳು ಬೇಕಾದರೆ ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ ನೋಡಬೇಕು.

3. ಆಮೇಲೆ ಪ್ರಯೋಗ: ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ೞ ಮರೆಯಾದ ಮೇಲೆ ಎರಡನ್ನೂ ಒಂದೇ ಥರ ಬರೆಯುತ್ತಾರೆ. ಪದವನ್ನು ಒಂಟಿಯಾಗಿ ಕಿತ್ತು ತರದೆ ಇಡೀ ವಾಕ್ಯ ಓದಿದರೆ ಮಾತ್ರ ಯಾವುದೆಂದು ತಿಳಿಯುತ್ತದೆ.

4. ಕೊನೆಗೆ ಊರಿನ ಹೆಸರು: ಮಾತಿನಲ್ಲಿ ಸತ್ತ ಹೊಳಲು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ ಉಳಿದಿದೆ. ಊರ ಹೆಸರಿನಲ್ಲಿ ಪದದ ರೂಪ ಬದಲಾಗುವುದೂ ಉಂಟು. ಮಾನ್ಯಖೇಟದ ‘ಖೇಟ’ ಎಂದರೆ ಸಂಸ್ಕೃತದಲ್ಲಿ ಸಣ್ಣ ಊರು. ಮಾಳವದ ಪಡೆ ಈ ನಗರವನ್ನು ಸೂರೆಗೊಂಡ 972ರ ಸುಮಾರಿನಲ್ಲಿ ಧನಪಾಲ ಬರೆದ ಪ್ರಾಕೃತ ನಿಘಂಟಿನಲ್ಲಿ ಅದು ಆಗಲೇ ‘ಖೇಡ’ ಆಗಿದೆ.

ಎಲ್ಲ ಪದಕ್ಕೂ ಒಂದೇ ಭಾಷೆಯಲ್ಲಿ ಮೂಲ ಹುಡುಕಬಾರದು ಎಂಬುದಕ್ಕೆ ಸೇಡಂ ಸುತ್ತಲಿನ ನಮ್ಮ ಸೀಮೆಯೇ ಸಾಕ್ಷಿ. ಶಹಾಬಾದಿನ ‘ಆಬಾದ್’ ಪಾರಸಿ, ಚಿತ್ತಾಪುರದ ‘ಪುರ’ ಸಂಸ್ಕೃತ, ‘ವಾಡಿ’ ಮರಾಠಿಯಲ್ಲಿ ಸಣ್ಣ ಹಳ್ಳಿ. ಚಿಂಚೋಳಿಯಲ್ಲಾಗಲಿ ಸೇಡಂನಲ್ಲಾಗಲಿ ಹಿರಿಯರ ಬಾಯಲ್ಲಿ ಅಪರೂಪದ ಪದ ಕೇಳಿದರೆ, ಊರಿನ ಹೆಸರು ಮತ್ತು ಅವರು ಆಡಿದ ಪೂರ್ತಿ ವಾಕ್ಯದ ಸಮೇತ ಬರೆದಿಡಿ. ಆ ವಾಕ್ಯವಿಲ್ಲದಿದ್ದರೆ ಮುಂದಿನವರು ಅರ್ಥವನ್ನು ಒರೆಗೆ ಹಚ್ಚಿ ನೋಡಲಾರರು.