ಟಪಾಲು ಹಡಗು: ಗುತ್ತಿಗೆಯ ಗಡಿಯಾರದ ಮೇಲೆ ಓಡಿದ ಉಗಿಯಂತ್ರ

ಬ್ರಿಟಿಷ್ ಆಳ್ವಿಕೆಯ ಭಾರತಕ್ಕೆ ಲಂಡನ್ನಿನ ಕಾಗದ ತರುತ್ತಿದ್ದ ಟಪಾಲು ಹಡಗು ಅಂಚೆ ಇಲಾಖೆಯ ಸ್ವಂತ ಹಡಗಲ್ಲ. ಖಾಸಗಿ ಕಂಪನಿಯೊಂದು ಸರ್ಕಾರದ ಜೊತೆ ಕರಾರು ಮಾಡಿಕೊಂಡು, ಇಂಥ ದಿನ ಈ ಬಂದರು ಬಿಟ್ಟು ಇಷ್ಟು ದಿನದಲ್ಲಿ ಆ ಬಂದರು ಮುಟ್ಟುತ್ತೇನೆಂದು ಒಪ್ಪಿಕೊಂಡು ಓಡಿಸುತ್ತಿದ್ದ ಉಗಿಹಡಗು ಅದು. ಪ್ರಯಾಣಿಕರು, ರೇಷ್ಮೆ, ಅಫೀಮು, ಚಿನ್ನ ಬೆಳ್ಳಿಯ ನಾಣ್ಯ ಎಲ್ಲವೂ ಅದರಲ್ಲಿ ಹೋಗುತ್ತಿದ್ದವು. ಆದರೆ ಲಂಗರು ಯಾವಾಗ ಎತ್ತಬೇಕೆಂಬುದು ಕಾಗದದ ಚೀಲಗಳ ಮೇಲೆ ನಿಂತಿತ್ತು.

ಉಗಿಗೆ ಮುಂಚೆ ಇಂಗ್ಲೆಂಡಿನಿಂದ ಹೊರಟ ಪತ್ರ ಹಾಯಿಹಡಗಿನಲ್ಲಿ ಆಫ್ರಿಕದ ತುದಿ ಬಳಸಿಕೊಂಡು ಬರಬೇಕಿತ್ತು. ಐದಾರು ತಿಂಗಳು ಹಿಡಿಯುವುದು ಮಾಮೂಲಾಗಿತ್ತು. ಗಾಳಿ ಕೈಕೊಟ್ಟರೆ ಇನ್ನೂ ಹೆಚ್ಚು. ಪತ್ರ ಬರೆದವನಿಗೆ ಉತ್ತರ ಕೈಸೇರುವಾಗ ಒಂದು ವರ್ಷ ಕಳೆದಿರುತ್ತಿತ್ತು. ಕಲ್ಕತ್ತೆಯ ವ್ಯಾಪಾರಿಗಳೂ ಅಧಿಕಾರಿಗಳೂ ಬಹುಮಾನ ಕಟ್ಟಿದ್ದರಿಂದ 1825ರಲ್ಲಿ ‘ಎಂಟರ್‌ಪ್ರೈಸ್’ ಎಂಬ ಹಡಗು ಹಾಯಿ ಮತ್ತು ಉಗಿ ಎರಡರ ಬಲದಿಂದ ಇಂಗ್ಲೆಂಡಿನಿಂದ ಹೊರಟಿತು. ಎಪ್ಪತ್ತು ದಿನದಲ್ಲಿ ಬರಬೇಕೆಂಬುದು ನಿರೀಕ್ಷೆ, ಬಂದದ್ದು 113 ದಿನಕ್ಕೆ. ಆಫ್ರಿಕ ಸುತ್ತುವ ದಾರಿಯಲ್ಲಿ ಯಂತ್ರದ ಲಾಭ ಅಷ್ಟಕ್ಕಷ್ಟೇ ಎಂಬುದು ಆಗಲೇ ತಿಳಿಯಿತು. ಉಳಿದದ್ದು ಕೆಂಪು ಸಮುದ್ರದ ದಾರಿ: ಮುಂಬಯಿಯಿಂದ ಸುಯೆಜ್, ಅಲ್ಲಿಂದ ಮರಳುಗಾಡು ದಾಟಿ ಕೈರೊ, ನೈಲ್ ನದಿಯಲ್ಲಿ ಇಳಿದು ಅಲೆಕ್ಸಾಂಡ್ರಿಯ, ಮತ್ತೆ ಹಡಗು. ಇದರ ಪರವಾಗಿ ಥಾಮಸ್ ವ್ಯಾಗ್‌ಹಾರ್ನ್ ಎಂಬಾತ ವರ್ಷಾನುಗಟ್ಟಲೆ ಓಡಾಡಿದ.

ಆ ದಾರಿ ನಡೆಯುತ್ತದೆಂದು ತೋರಿಸಿಕೊಟ್ಟದ್ದು ಮುಂಬಯಿಯಲ್ಲೇ ಕಟ್ಟಿದ ಹಡಗು. ವಾಡಿಯಾ ಮನೆತನದ ಬಡಗಿಗಳು ಹೆಸರು ಮಾಡಿದ್ದ ಹಡಗುಕಟ್ಟೆಯಲ್ಲಿ ತಯಾರಾದ ‘ಹ್ಯೂ ಲಿಂಡ್ಸೆ’ 1830ರ ಮಾರ್ಚ್ 20ರಂದು ಹೊರಟಿತು. ಅದರ ಗಾತ್ರ 411 ಟನ್. ಐದಾರು ದಿನಕ್ಕೆ ಸಾಲುವಷ್ಟು ಕಲ್ಲಿದ್ದಲಿಗೆ ಮಾತ್ರ ಅದರಲ್ಲಿ ಜಾಗವಿತ್ತು. ನಡುದಾರಿಯ ಏಡನ್ ಬಂದರು ಮುಟ್ಟಲು ಹನ್ನೊಂದು ದಿನದ್ದು ಬೇಕಿತ್ತು. ಹಾಗಾಗಿ ಕ್ಯಾಬಿನ್‌ಗಳಲ್ಲಿ, ಊಟದ ಕೋಣೆಯಲ್ಲಿ, ಮೇಲಟ್ಟದ ಮೇಲೆ, ಎಲ್ಲೆಲ್ಲಿ ಎಡೆ ಸಿಕ್ಕಿತೋ ಅಲ್ಲೆಲ್ಲ ಕಲ್ಲಿದ್ದಲು ತುಂಬಿದರು. ಹಡಗು ನೀರಿನ ಮಟ್ಟಕ್ಕೆ ತಗ್ಗಿ ಸಾಗಿತು. ಏಡನ್ ಸೇರಿದಾಗ ಉಳಿದಿದ್ದದ್ದು ಕೆಲವೇ ಗಂಟೆಗಳ ಇದ್ದಲು. ಸುಯೆಜ್ ತಲುಪಿದ್ದು ಏಪ್ರಿಲ್ 22ಕ್ಕೆ. ಯಂತ್ರ ನಿಜವಾಗಿ ಓಡಿದ್ದು 21 ದಿನ. ಮಿಕ್ಕ ದಿನಗಳು ಬಂದರುಗಳಲ್ಲಿ ಇದ್ದಲು ತುಂಬುವುದರಲ್ಲೇ ಹೋದವು. ಮುಂಗಾರಿನ ಅಬ್ಬರದಲ್ಲಿ ಇಂಥ ಹಡಗು ಅರಬ್ಬೀ ಸಮುದ್ರಕ್ಕೆ ಇಳಿಯುವಂತೆಯೇ ಇರಲಿಲ್ಲ.

ಕಲ್ಲಿದ್ದಲಿನ ಈ ಹಸಿವು ಭೂಪಟವನ್ನೇ ತಿದ್ದಿತು. ಮದ್ರಾಸಿನಲ್ಲಿ ನೋಂದಾಯಿತವಾಗಿದ್ದ ‘ದೌರಿಯಾ ದೌಲತ್’ ಎಂಬ ಹಡಗು ಏಡನ್ ಬಳಿ ಒಡೆದು ಲೂಟಿಯಾದದ್ದನ್ನು ನೆಪ ಮಾಡಿಕೊಂಡು ಈಸ್ಟ್ ಇಂಡಿಯಾ ಕಂಪನಿ 1839ರ ಜನವರಿಯಲ್ಲಿ ಏಡನ್ನನ್ನು ವಶಪಡಿಸಿಕೊಂಡಿತು. ನಡುದಾರಿಯಲ್ಲಿ ಇದ್ದಲು ದಾಸ್ತಾನಿಗೆ ಒಂದು ಬಂದರು ಬೇಕಿತ್ತು, ಅದು ಸಿಕ್ಕಿತು. ಅಲ್ಲಿ ಪೇರಿಸಿಡುವ ಇದ್ದಲು ಬರುತ್ತಿದ್ದದ್ದು ಬ್ರಿಟನ್ನಿನಿಂದ, ಅದೂ ಹಾಯಿಹಡಗಿನಲ್ಲಿ, ಆಫ್ರಿಕ ಸುತ್ತಿಕೊಂಡು. ಉಗಿಹಡಗಿನ ವೇಗವನ್ನು ಹಾಯಿಹಡಗುಗಳೇ ಹೊತ್ತು ನಡೆಸುತ್ತಿದ್ದವು.

ಇಷ್ಟು ದುಬಾರಿ ವ್ಯವಹಾರ ಬರೀ ಸಾಗಣೆ ದರದಲ್ಲಿ ಗಿಟ್ಟುತ್ತಿರಲಿಲ್ಲ. ಹಡಗಿನ ಒಡಲಿನ ದೊಡ್ಡ ಪಾಲನ್ನು ಯಂತ್ರ ಮತ್ತು ಇದ್ದಲು ನುಂಗಿದ ಮೇಲೆ ಸರಕಿಗೆ ಜಾಗ ಉಳಿಯುತ್ತಿದ್ದದ್ದು ಕಡಿಮೆ. ಸಾಲದ್ದಕ್ಕೆ ಸರಕು ತುಂಬದಿದ್ದರೂ ಗೊತ್ತಾದ ದಿನ ಹೊರಡಲೇಬೇಕು. ಆ ನಷ್ಟ ತುಂಬಿಕೊಡುತ್ತಿದ್ದದ್ದೇ ಸರ್ಕಾರದ ವಾರ್ಷಿಕ ಸಹಾಯಧನ. ಬ್ರೋಡಿ ವಿಲ್‌ಕಾಕ್ಸ್ ಮತ್ತು ಆರ್ಥರ್ ಆಂಡರ್ಸನ್ ಕಟ್ಟಿದ ಪೆನಿನ್ಸುಲರ್ ಕಂಪನಿ 1837ರಲ್ಲಿ ಸ್ಪೇನ್, ಪೋರ್ಚುಗಲ್‌ಗಳ ಟಪಾಲು ಗುತ್ತಿಗೆ ಹಿಡಿಯಿತು. 1840ರ ಕೊನೆಗೆ ಹೆಸರಿಗೆ ‘ಓರಿಯೆಂಟಲ್’ ಸೇರಿ ಅದು ಪಿ ಅಂಡ್ ಒ ಆಯಿತು. ಅದರ ‘ಹಿಂದೂಸ್ಥಾನ್’ ಹಡಗು 1842ರ ಸೆಪ್ಟೆಂಬರಿನಲ್ಲಿ ಸೌತಾಂಪ್ಟನ್ ಬಿಟ್ಟು ಕಲ್ಕತ್ತೆಗೆ ಬಂದು, ಸಿಲೋನಿನ ಗಾಲೆ ಮತ್ತು ಮದ್ರಾಸಿನ ಮೇಲೆ ಸುಯೆಜ್‌ಗೆ ಓಡಾಟ ಶುರುಮಾಡಿತು. ಮೂರು ವರ್ಷಗಳಲ್ಲಿ ಭಾರತ ಮತ್ತು ಚೀನಾದ ತಿಂಗಳ ಟಪಾಲಿಗೆಂದು ವರ್ಷಕ್ಕೆ 1,60,000 ಪೌಂಡಿನ ಗುತ್ತಿಗೆ ಅದರ ಕೈಯಲ್ಲಿತ್ತು. ಮುಂಬಯಿ–ಸುಯೆಜ್ ದಾರಿಯನ್ನು ಮಾತ್ರ ಈಸ್ಟ್ ಇಂಡಿಯಾ ಕಂಪನಿ ತನ್ನ ನೌಕಾದಳದ ಬಳಿಯೇ ಇಟ್ಟುಕೊಂಡು, 1854ರಲ್ಲಿ ಬಿಟ್ಟುಕೊಟ್ಟಿತು.

ಗುತ್ತಿಗೆ ಪತ್ರ ಬಲು ಬಿಗಿಯಾದದ್ದು. ಹಡಗು ಎಷ್ಟು ದೊಡ್ಡದಿರಬೇಕು, ಯಂತ್ರದ ಬಲವೆಷ್ಟು, ಯಾವ ಬಂದರಿನಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಎಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ತಡವಾದರೆ ದಂಡ. ಮುಂಗಾರಿನ ತಿಂಗಳುಗಳಲ್ಲಿ ಮಾತ್ರ ಹೆಚ್ಚಿನ ಸಮಯ ಕೊಡುತ್ತಿದ್ದರು. ಟಪಾಲಿಗೆ ಬೀಗ ಹಾಕುವ ಪ್ರತ್ಯೇಕ ಕೋಣೆ ಇರಬೇಕು. 1860ರಲ್ಲಿ ಅಂಚೆ ಇಲಾಖೆ ಗುತ್ತಿಗೆಗಳನ್ನು ವಹಿಸಿಕೊಳ್ಳುವವರೆಗೆ ಅವು ಬ್ರಿಟಿಷ್ ನೌಕಾ ಇಲಾಖೆಯ ಕೈಯಲ್ಲಿದ್ದವು. ಟಪಾಲಿನ ಮೇಲ್ವಿಚಾರಣೆಗೆಂದೇ ನೌಕಾದಳದ ಒಬ್ಬ ಅಧಿಕಾರಿ ಹಡಗಿನಲ್ಲಿರುತ್ತಿದ್ದ. ಯುದ್ಧ ಬಂದರೆ ಹಡಗನ್ನು ಸರ್ಕಾರ ಬಳಸಿಕೊಳ್ಳುವ ಅವಕಾಶವೂ ಪತ್ರದಲ್ಲಿತ್ತು. ಪತ್ರ ಸಾಗಿಸಲು ಕೊಟ್ಟ ಹಣದಲ್ಲಿ ಸೇನೆ ಸಾಗಿಸುವ ಸೌಕರ್ಯವನ್ನೂ ಸಾಮ್ರಾಜ್ಯ ಕೊಂಡುಕೊಂಡಿತ್ತು ಎಂಬುದನ್ನು ಮರೆಯುವಂತಿಲ್ಲ.

ಇದು ಸಾಬೀತಾದದ್ದು ಇನ್ನೊಂದು ಕಂಪನಿಯ ಕತೆಯಲ್ಲಿ. ವಿಲಿಯಂ ಮೆಕಿನನ್ 1856ರಲ್ಲಿ ಕಲ್ಕತ್ತೆ ಮತ್ತು ರಂಗೂನಿನ ನಡುವೆ ಟಪಾಲು ಒಯ್ಯುವ ಗುತ್ತಿಗೆಯನ್ನು ನೆಚ್ಚಿ ‘ಕೇಪ್ ಆಫ್ ಗುಡ್ ಹೋಪ್’, ‘ಬಾಲ್ಟಿಕ್’ ಎಂಬ ಎರಡು ಪುಟ್ಟ ಹಡಗುಗಳಿಂದ ಕಂಪನಿ ಆರಂಭಿಸಿದ. ಮರುವರ್ಷ, 1857ರಲ್ಲಿ, ಸಿಪಾಯಿ ದಂಗೆ ಎದ್ದಾಗ ಸಿಲೋನಿನಿಂದ ಕಲ್ಕತ್ತೆಗೆ ಸರ್ಕಾರದ ಸೈನಿಕರನ್ನು ತಂದದ್ದು ಇದೇ ಹಡಗು ಸಾಲು. 1862ರಲ್ಲಿ ಅದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯಾಗಿ, ಬರ್ಮಾ ಕರಾವಳಿ, ಸಿಂಗಪುರ, ಕರಾಚಿ, ಪರ್ಷಿಯನ್ ಕೊಲ್ಲಿಗಳ ಗುತ್ತಿಗೆಗಳನ್ನು ಒಂದೊಂದಾಗಿ ಕೂಡಿಸಿಕೊಂಡಿತು. ಪಿ ಅಂಡ್ ಒ ಸಾಗರದಾಚೆಯ ಹೆದ್ದಾರಿ ಹಿಡಿದರೆ ಇದು ಕಡಲಂಚಿನ ಊರುಗಳನ್ನು ಹಿಡಿಯಿತು.

ಕನ್ನಡ ಕರಾವಳಿಯವರು ಉಗಿಹಡಗನ್ನು ಕಂಡದ್ದು ಇಂಥ ಕರಾವಳಿ ಸಂಚಾರದಲ್ಲಿ. ಅದನ್ನು ಅವರು ಆಗಬೋಟು ಎಂದರು. ಮಂಗಳೂರಿನ ಅಳಿವೆ ಆಳವಿಲ್ಲದ್ದರಿಂದ ಆಗಬೋಟು ದೂರದಲ್ಲೇ ಲಂಗರು ಹಾಕುತ್ತಿತ್ತು. ಜನರೂ ಸಾಮಾನೂ ಮಚವೆ, ದೋಣಿಗಳಲ್ಲಿ ತೆರೆ ದಾಟಿ ಹೋಗಬೇಕಿತ್ತು. ಮಳೆಗಾಲದಲ್ಲಿ ಈ ಸಂಚಾರ ನಿಂತುಹೋಗಿ, ಟಪಾಲು ಭೂಮಾರ್ಗವನ್ನೇ ನೆಚ್ಚಬೇಕಾಗುತ್ತಿತ್ತು.

ಇತ್ತ ಈಜಿಪ್ಟಿನಲ್ಲಿ ಒಂಟೆ, ಕುದುರೆಗಾಡಿಗಳ ಜಾಗಕ್ಕೆ 1858ರ ಹೊತ್ತಿಗೆ ಸುಯೆಜ್ ತನಕ ರೈಲು ಬಂತು. 1869ರ ನವೆಂಬರ್ 17ರಂದು ಸುಯೆಜ್ ಕಾಲುವೆ ತೆರೆಯಿತು. ಟಪಾಲು ನೇರ ಕಾಲುವೆಯಲ್ಲಿ ಬಂತೆಂದುಕೊಂಡರೆ ತಪ್ಪು. ಕಾಲುವೆಯಲ್ಲಿ ತಡವಾಗಬಹುದೆಂಬ ಅಂಜಿಕೆಯಿಂದ ಬ್ರಿಟಿಷ್ ಅಂಚೆ ಇಲಾಖೆ ವರ್ಷಗಟ್ಟಲೆ ಹಳೆಯ ಕ್ರಮ ಬಿಡಲಿಲ್ಲ. ಚೀಲಗಳು ಅಲೆಕ್ಸಾಂಡ್ರಿಯದಲ್ಲಿ ಇಳಿದು, ರೈಲು ಹತ್ತಿ, ಸುಯೆಜ್‌ನಲ್ಲಿ ಮತ್ತೆ ಹಡಗು ಸೇರುತ್ತಿದ್ದವು.

ಕಾಲುವೆ ತೆರೆಯುವುದಕ್ಕೆ ಎರಡು ತಿಂಗಳು ಮುಂಚೆ ಕೆಂಪು ಸಮುದ್ರದಲ್ಲಿ ನಡೆದ ಒಂದು ದುರಂತ ಈ ವ್ಯವಸ್ಥೆಯ ಅಪಾಯವನ್ನು ತೋರಿಸುತ್ತದೆ. ಪಿ ಅಂಡ್ ಒ ಕಂಪನಿಯ ‘ಕರ್ನಾಟಿಕ್’ ಹಡಗು ಸುಯೆಜ್‌ನಿಂದ ಮುಂಬಯಿಗೆ ಟಪಾಲು, ಪ್ರಯಾಣಿಕರು ಮತ್ತು 40,000 ಪೌಂಡು ಬೆಲೆಯ ನಾಣ್ಯ ಹೊತ್ತು ಬರುತ್ತಿತ್ತು. ಸೆಪ್ಟೆಂಬರ್ 13ರ ನಡುರಾತ್ರಿ ಕಳೆದ ಹೊತ್ತಿಗೆ ಅದು ಅಬು ನುಹಾಸ್ ಎಂಬ ಹವಳದ ದಿಬ್ಬಕ್ಕೆ ಬಡಿಯಿತು. ಪಂಪುಗಳು ನಡೆಯುತ್ತಿದ್ದವು, ಹಡಗು ನೆಟ್ಟಗೆ ನಿಂತಿತ್ತು. ಕಂಪನಿಯ ಇನ್ನೊಂದು ಹಡಗು ‘ಸುಮಾತ್ರಾ’ ಆ ದಾರಿಯಲ್ಲೇ ಬರುವುದಿತ್ತು. ವೇಳಾಪಟ್ಟಿಯನ್ನು ನಂಬಿ ಕ್ಯಾಪ್ಟನ್ ಜನರನ್ನು ದೋಣಿಗಿಳಿಸದೆ ಕಾದ. ಆ ದಿನ ಕಳೆಯಿತು, ಇನ್ನೊಂದು ರಾತ್ರಿಯೂ ಕಳೆಯಿತು. ಮರುದಿನ ಬೆಳಿಗ್ಗೆ ಕೊನೆಗೂ ದೋಣಿ ತುಂಬಲು ಶುರುಮಾಡುತ್ತಿದ್ದಂತೆ ಹಡಗು ಎರಡು ತುಂಡಾಯಿತು. 31 ಜನ ಸತ್ತರು. ನಾಣ್ಯದ ಹೆಚ್ಚಿನ ಭಾಗವನ್ನು ಮುಳುಗುಗಾರರು ಬಳಿಕ ಮೇಲೆತ್ತಿದರು.

ಭಾರತದ ಒಳಗೂ ಆ ವರ್ಷಗಳಲ್ಲೇ ದಾರಿ ಕೂಡಿಬಂತು. 1870ರಲ್ಲಿ ಮುಂಬಯಿ–ಕಲ್ಕತ್ತೆ ರೈಲು ಜೋಡಣೆಯಾಯಿತು. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಸೇರಿದವು. ಇಡೀ ದೇಶದ ವಿಲಾಯತಿ ಟಪಾಲಿಗೆ ಮುಂಬಯಿಯೇ ಬಾಗಿಲಾಯಿತು. ಯುರೋಪಿನ ಆ ತುದಿಯಲ್ಲಿ ಚೀಲಗಳು ರೈಲಿನಲ್ಲಿ ಆಲ್ಪ್ಸ್ ದಾಟಿ ಇಟಲಿಯ ಬ್ರಿಂಡಿಸಿಯಲ್ಲಿ ಹಡಗು ಹತ್ತುತ್ತಿದ್ದವು. ಹಿಂದೆ ತಿಂಗಳಿಗೊಮ್ಮೆ ಬರುತ್ತಿದ್ದ ಟಪಾಲು ವಾರಕ್ಕೊಮ್ಮೆ ಬರತೊಡಗಿತು. 20ನೇ ಶತಮಾನದ ಆರಂಭಕ್ಕೆ ಲಂಡನ್ನಿನ ಪತ್ರ ಸುಮಾರು ಎರಡು ವಾರದಲ್ಲಿ ಮುಂಬಯಿಯಲ್ಲಿರುತ್ತಿತ್ತು. 1898ರ ಕ್ರಿಸ್‌ಮಸ್ ದಿನದಿಂದ ಬ್ರಿಟನ್ನಿಗೆ ಪತ್ರ ಕಳಿಸಲು ಒಂದಾಣೆ ಸಾಕಾಯಿತು.

ಈ ಎರಡು ವಾರಗಳಲ್ಲಿ ಅತ್ಯಂತ ಶ್ರಮದ ಕೆಲಸ ನಡೆಯುತ್ತಿದ್ದದ್ದು ಕಡಲ ಮೇಲೆ. ಏಡನ್–ಮುಂಬಯಿ ನಡುವಿನ ಹಡಗಿನಲ್ಲಿ ಭಾರತೀಯ ಅಂಚೆ ಇಲಾಖೆಯ ‘ಸಮುದ್ರ ಅಂಚೆ ಕಚೇರಿ’ ಇತ್ತು. ಏಡನ್ನಿನಲ್ಲಿ ವಿಂಗಡಣೆ ಗುಮಾಸ್ತರು ಕೆಲಸಕ್ಕೆ ಕೂಡುತ್ತಿದ್ದರು. ಬೀಗಮುದ್ರೆಯ ಚೀಲಗಳನ್ನು ಬಿಚ್ಚಿ ಕಾಗದಗಳನ್ನು ಸುರಿದು, ಊರು ಊರಿಗೆ, ರೈಲು ರೈಲಿಗೆ ಬೇರ್ಪಡಿಸಿ, ಕಟ್ಟು ಕಟ್ಟಿ, ಹೊಸ ಚೀಲಕ್ಕೆ ತುಂಬಿ ಮೊಹರು ಒತ್ತಬೇಕು. ಮುಂಗಾರಿನಲ್ಲಿ ಹಡಗು ಹೊರಳಾಡುವಾಗ, ಗಾಳಿಯಾಡದ ಕೋಣೆಯಲ್ಲಿ ಸಮುದ್ರದ ಕಾಯಿಲೆ ತಡೆದುಕೊಂಡು ಸಾವಿರಾರು ವಿಳಾಸಗಳನ್ನು ತಪ್ಪಿಲ್ಲದೆ ಓದುವುದೆಂದರೆ ಸಾಮಾನ್ಯವಲ್ಲ. ಇವರು ಹಾಗೆ ಮಾಡಿದ್ದರಿಂದಲೇ ಮುಂಬಯಿಯಲ್ಲಿ ಚೀಲ ಇಳಿದದ್ದೇ ತಡ ಕಾದಿದ್ದ ರೈಲುಗಳಿಗೆ ಏರುತ್ತಿತ್ತು. 1914ರಲ್ಲಿ ಮಹಾಯುದ್ಧ ಬಂದು ಈ ಕಚೇರಿ ಮುಚ್ಚಿತು. ಆ ಕಚೇರಿಯ ಮುದ್ರೆ ಬಿದ್ದ ಲಕೋಟೆಗಳನ್ನು ಅಂಚೆಚೀಟಿ ಸಂಗ್ರಾಹಕರು ಈಗಲೂ ಹುಡುಕುತ್ತಾರೆ. ಯುದ್ಧದ ನಂತರ ಮುಂಬಯಿ ಬಂದರಿನ ಬಲಾರ್ಡ್ ಪಿಯರ್‌ನಲ್ಲಿ ಹಡಗಿನ ಪಕ್ಕಕ್ಕೇ ರೈಲು ಬಂದು ನಿಲ್ಲುವ ಏರ್ಪಾಡಾಯಿತು. 1928ರಲ್ಲಿ ಶುರುವಾದ ಫ್ರಂಟಿಯರ್ ಮೇಲ್ ರೈಲು, ಟಪಾಲು ಹಡಗು ಬಂದ ದಿನ, ಅಲ್ಲಿಂದಲೇ ಹೊರಡುತ್ತಿತ್ತು.

ಹಡಗಿನ ಒಡಲಿನಲ್ಲಿ ದುಡಿದವರಲ್ಲಿ ಬಹುಪಾಲು ಈ ಕಡೆಯವರೇ. ಅಟ್ಟದ ಕೆಲಸಕ್ಕೆ ಕೊಂಕಣ, ಗುಜರಾತ್ ಕರಾವಳಿಯ ಖಲಾಸಿಗಳು, ಕುಲುಮೆಗೆ ಇದ್ದಲು ಎಸೆಯಲು ಪಂಜಾಬಿನ ಮತ್ತು ಪಠಾಣ ಮುಸಲ್ಮಾನರು, ಅಡಿಗೆಗೆ, ಬಡಿಸುವುದಕ್ಕೆ ಗೋವೆಯವರು. ಅವರ ಮೇಲ್ವಿಚಾರಣೆಗೆ ಸಾರಂಗ, ತಾಂಡೇಲ ಎಂಬ ಮುಖಂಡರು. ಕೆಂಪು ಸಮುದ್ರದ ಬೇಸಿಗೆಯಲ್ಲಿ ಕುಲುಮೆಯ ಮುಂದೆ ನಿಲ್ಲುವವರಿಗೆ ಬಿಳಿಯ ನಾವಿಕನಿಗಿಂತ ತೀರಾ ಕಡಿಮೆ ಸಂಬಳ. ವೇಳಾಪಟ್ಟಿ ಉಳಿದದ್ದು ಅವರ ತೋಳಿನ ಮೇಲೆ.

ಗುತ್ತಿಗೆ ಹಣದ ಒಂದು ಪಾಲು ಭಾರತದ ಬೊಕ್ಕಸದಿಂದ ಹೋಗುತ್ತಿತ್ತು. ಅದರ ಆಸರೆ ಪಡೆದ ಕಂಪನಿಗಳೇ ಭಾರತೀಯರ ಹಡಗು ಉದ್ಯಮವನ್ನು ತುಳಿದವು. ಜಮ್ಷೇಟ್‌ಜಿ ಟಾಟಾ 1893ರಲ್ಲಿ ಜಪಾನಿಗೆ ನೂಲು ಸಾಗಿಸಲು ಹಡಗು ಸಾಲು ತೆರೆದಾಗ ಪಿ ಅಂಡ್ ಒ ದರವನ್ನು ಪಾತಾಳಕ್ಕೆ ಇಳಿಸಿತು. ಟಾಟಾ ಲೈನ್ ಬೇಗನೆ ಮುಚ್ಚಿತು. 1906ರಲ್ಲಿ ವಿ.ಒ. ಚಿದಂಬರಂ ಪಿಳ್ಳೆಯವರು ತೂತ್ತುಕುಡಿಯಲ್ಲಿ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ಕಟ್ಟಿ ಕೊಲಂಬೊಗೆ ಹಡಗು ಓಡಿಸಿದರು. ಎದುರಾಳಿಯಾದ ಬ್ರಿಟಿಷ್ ಇಂಡಿಯಾ ಕಂಪನಿ ಟಿಕೆಟ್ ದರ ಇಳಿಸಿತು. 1908ರಲ್ಲಿ ಪಿಳ್ಳೆಯವರು ಜೈಲಿಗೆ ಹೋದರು, ಕಂಪನಿ 1911ಕ್ಕೆ ಮುಳುಗಿತು. ಇದನ್ನು ಸಾಮಾನ್ಯ ವ್ಯಾಪಾರ ಪೈಪೋಟಿ ಎನ್ನಲಾಗದು. ಒಬ್ಬನ ಬೆನ್ನಿಗೆ ಸರ್ಕಾರದ ಥೈಲಿಯಿದ್ದಾಗ ಅದು ಸರಿಸಮ ಪಂದ್ಯವಲ್ಲ. 1914ರಲ್ಲಿ ಪಿ ಅಂಡ್ ಒ ಮತ್ತು ಬ್ರಿಟಿಷ್ ಇಂಡಿಯಾ ಒಂದಾದ ಮೇಲೆ ಆ ಹಿಡಿತ ಇನ್ನಷ್ಟು ಬಿಗಿಯಾಯಿತು.

1929ರ ಮಾರ್ಚ್‌ನಲ್ಲಿ ಲಂಡನ್–ಕರಾಚಿ ವಿಮಾನ ಟಪಾಲು ಆರಂಭವಾಯಿತು. ಅದನ್ನು ಕರಾಚಿಯಿಂದ ಮುಂದೆ ಒಯ್ಯಲು ಟಾಟಾ ಕಂಪನಿ 1932ರ ಅಕ್ಟೋಬರ್ 15ರಂದು ಅಹಮದಾಬಾದ್, ಮುಂಬಯಿ, ಬಳ್ಳಾರಿಗಳ ಮೇಲೆ ಮದ್ರಾಸಿಗೆ ವಿಮಾನ ಹಾರಿಸಿತು. ಅವಸರದ ಪತ್ರಗಳು ಹಡಗನ್ನು ಬಿಟ್ಟು ಮೇಲೇರಿದವು. ಭಾರವಾದ ಪಾರ್ಸೆಲ್ಲು, ಪತ್ರಿಕೆಗಳಷ್ಟೇ ಸಮುದ್ರದ ಪಾಲಿಗೆ ಉಳಿದವು. ಹಳೆಯ ಟಪಾಲು ದಾರಿಗಳಲ್ಲಿ ಬಹುಕಾಲ ಬಾಳಿದ್ದು ಮುಂಬಯಿ–ಪರ್ಷಿಯನ್ ಕೊಲ್ಲಿ ಸಂಚಾರ. ಸ್ವಾತಂತ್ರ್ಯದ ನಂತರವೂ ಅದು ನಡೆಯಿತು. ಕೊಲ್ಲಿಗೆ ದುಡಿಯಲು ಹೊರಟ ಕರಾವಳಿಯ ಜನ ಮುಂಬಯಿಗೆ ಹೋಗಿ ಈ ಹಡಗುಗಳನ್ನೇ ಹತ್ತುತ್ತಿದ್ದರು. ಆ ಸಾಲಿನ ಕಡೆಯ ಹಡಗು ‘ದ್ವಾರಕಾ’ 1982ರಲ್ಲಿ ಓಡಾಟ ನಿಲ್ಲಿಸಿತು.