ಬೆಕ್ಕಿಗೆ ಮಲಬದ್ಧತೆಯೇ? ಹರಳೆಣ್ಣೆ ಕುಡಿಸುವ ಮುನ್ನ ಇದನ್ನು ಓದಿ

ತೇನಿ: ಕೊಟ್ಟಿಗೆಯ ಹಸು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಸಂಜೆಯೊಳಗೆ ಡಾಕ್ಟರಿಗೆ ಫೋನ್ ಹೋಗುತ್ತದೆ. ಬೆಕ್ಕಿನ ಪಾಡು ಹಾಗಲ್ಲ. ಅದು ಹಿತ್ತಲಿಗೋ ತೋಟಕ್ಕೋ ಹೋಗಿ ಮಣ್ಣು ಕೆದರಿ, ಕೆಲಸ ಮುಗಿಸಿ, ಮುಚ್ಚಿ ಬರುವ ಪ್ರಾಣಿ. ಮೂರು ದಿನ ಹೊಟ್ಟೆ ಕಟ್ಟಿದರೂ ಯಾರಿಗೂ ತಿಳಿಯುವುದಿಲ್ಲ. ಊಟ ಬಿಟ್ಟು ಮೂಲೆ ಸೇರಿದಾಗಲೇ 'ಇದಕ್ಕೇನಾಯಿತು?' ಎಂಬ ಪ್ರಶ್ನೆ ಹುಟ್ಟುವುದು.

ಆಗ ಅಡುಗೆಮನೆಯಿಂದ ಬರುವ ಮೊದಲ ಮದ್ದು ಹರಳೆಣ್ಣೆ. ಮಕ್ಕಳಿಗೆ ಕೊಟ್ಟು ಅಭ್ಯಾಸವಾದ ಕೈ ಬೆಕ್ಕಿಗೂ ಒಂದು ಚಮಚ ಕುಡಿಸಲು ಹೋಗುತ್ತದೆ. ಕಂಬಂ ಕಣಿವೆಯ ಕನ್ನಡ ಮನೆಯಾದರೂ ಪಕ್ಕದ ತಮಿಳು ಮನೆಯಾದರೂ ಇದರಲ್ಲಿ ವ್ಯತ್ಯಾಸವಿಲ್ಲ. ಆದರೆ ಮದ್ದಿಗೆ ಕೈ ಹಾಕುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕು. ಬೆಕ್ಕಿಗೆ ಕಟ್ಟಿರುವುದು ಮಲವೋ, ಮೂತ್ರವೋ?

ಮೊದಲು ನೋಡಬೇಕಾದ್ದು ಇದು

ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ಮುಕ್ಕುವುದನ್ನು ಕಂಡವರು ಸಾಮಾನ್ಯವಾಗಿ ಹೊಟ್ಟೆ ಕಟ್ಟಿದೆ ಎಂದೇ ತಿಳಿಯುತ್ತಾರೆ. ಮೂತ್ರ ಕಟ್ಟಿದ ಬೆಕ್ಕು ಕೂಡ ಹಾಗೆಯೇ ಕುಕ್ಕರಿಸಿ ಮುಕ್ಕುತ್ತದೆ. ನೋಡಲು ಎರಡೂ ಒಂದೇ, ಅಪಾಯ ಮಾತ್ರ ಒಂದೇ ಅಲ್ಲ.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಸಣ್ಣ ಹರಳುಗಳೋ ಲೋಳೆಯೋ ಅದರಲ್ಲಿ ಸಿಕ್ಕಿಕೊಂಡರೆ ಮೂತ್ರ ಹೊರಬರುವುದಿಲ್ಲ. ಮೂತ್ರಕೋಶ ಕಲ್ಲಿನಂತೆ ಬಿಗಿಯುತ್ತದೆ. ದೇಹದಿಂದ ಹೊರಹೋಗಬೇಕಾದ ವಿಷ ರಕ್ತದಲ್ಲೇ ಉಳಿಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಎರಡು ಮೂರು ದಿನಗಳಲ್ಲೇ ಬೆಕ್ಕು ಸಾಯುತ್ತದೆ. ಇಂಥ ಬೆಕ್ಕಿಗೆ ಹರಳೆಣ್ಣೆ ಕುಡಿಸಿ 'ನಾಳೆ ಸರಿಹೋಗುತ್ತದೆ' ಎಂದು ಕಾದರೆ ಆ ನಾಳೆ ಬಾರದೇ ಹೋಗಬಹುದು.

ಹಾಗಾದರೆ ತಿಳಿಯುವುದು ಹೇಗೆ? ಕುಳಿತ ಭಂಗಿ ನೋಡಿ ಹೇಳುವುದು ಕಷ್ಟ. ಮರಳು ನೋಡಿ ಹೇಳಬಹುದು. ಬೆಕ್ಕನ್ನು ಒಂದು ಕೋಣೆಯಲ್ಲಿ ಬಿಟ್ಟು, ಅಗಲವಾದ ಟ್ರೇ ಅಥವಾ ಹಳೆಯ ಬೇಸಿನ್‌ನಲ್ಲಿ ಒಣ ಮರಳು ತುಂಬಿಡಿ. ಮರಳಿನಲ್ಲಿ ಕೈಯಗಲ ಒದ್ದೆ ಉಂಡೆ ಕಂಡರೆ ಮೂತ್ರ ಹೋಗುತ್ತಿದೆ ಎಂದರ್ಥ. ಪದೇ ಪದೇ ಕುಳಿತರೂ ಮರಳು ಒಣಗಿಯೇ ಇದ್ದರೆ, ಹನಿ ಹನಿಯಾಗಿ ಬಂದರೆ, ರಕ್ತ ಕಂಡರೆ, ಬೆಕ್ಕು ನರಳುತ್ತಾ ಹಿಂಭಾಗ ನೆಕ್ಕುತ್ತಲೇ ಇದ್ದರೆ, ವಾಂತಿ ಮಾಡಿದರೆ ಇದು ಮಲಬದ್ಧತೆಯ ಪ್ರಶ್ನೆ ಅಲ್ಲ. ಗಂಡು ಬೆಕ್ಕಾದರೆ ರಾತ್ರಿ ಕಳೆಯಲಿ ಎಂದು ಕಾಯದೆ ಹೊರಡಿ. ಹೊಟ್ಟೆ ಒತ್ತಿ ನೋಡಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು.

ಯಾವುದು ಮಲಬದ್ಧತೆ?

ಮೂತ್ರ ಸಲೀಸಾಗಿ ಹೋಗುತ್ತಿದೆ ಎಂದಾದರೆ ಅರ್ಧ ಭಯ ಕಳೆಯಿತು. ಆರೋಗ್ಯವಂತ ಬೆಕ್ಕು ಸಾಮಾನ್ಯವಾಗಿ ದಿನಕ್ಕೊಮ್ಮೆ ಮಲ ವಿಸರ್ಜಿಸುತ್ತದೆ. ಒಂದು ದಿನ ತಪ್ಪಿದರೆ ಗಾಬರಿ ಬೇಡ. ಎರಡು ದಿನ ತಪ್ಪಿದರೆ ಗಮನ ಕೊಡಬೇಕು. ಮೂರನೇ ದಿನಕ್ಕೆ ವೈದ್ಯರು ನೋಡಬೇಕು.

ಮಲ ಒಣಗಿ, ಆಡಿನ ಹಿಕ್ಕೆಯಂತೆ ಗಟ್ಟಿ ಗುಳಿಗೆಗಳಾಗಿ ಬೀಳುವುದು ಮೊದಲ ಸೂಚನೆ. ಇನ್ನೊಂದು ಮೋಸಗೊಳಿಸುವ ಸೂಚನೆ ಇದೆ. ಕೆಲವೊಮ್ಮೆ ಗಟ್ಟಿ ಮಲದ ಪಕ್ಕದಿಂದ ಸ್ವಲ್ಪ ನೀರು, ಲೋಳೆ ಜಾರಿ ಬರುತ್ತದೆ. ನೋಡಿದವರು ಬೇಧಿ ಎಂದುಕೊಂಡು ಬೇಧಿ ನಿಲ್ಲುವ ಮಾತ್ರೆ ಕೊಡುತ್ತಾರೆ! ಕಟ್ಟಿದ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ.

ಕಾದಷ್ಟೂ ಯಾಕೆ ಕಷ್ಟ? ದೊಡ್ಡ ಕರುಳಿನ ಕೆಲಸವೇ ಮಲದಿಂದ ನೀರು ಹೀರುವುದು. ಮಲ ಅಲ್ಲಿ ಒಂದು ದಿನ ಹೆಚ್ಚು ನಿಂತರೆ ಇನ್ನಷ್ಟು ಒಣಗುತ್ತದೆ. ಒಣಗಿದ್ದು ಹೊರಬರುವಾಗ ನೋವು. ನೋವಿಗೆ ಹೆದರಿ ಬೆಕ್ಕು ತಡೆಯುತ್ತದೆ. ತಡೆದಷ್ಟೂ ಕರುಳು ಹಿಗ್ಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಕರುಳಿನ ಸ್ನಾಯು ಸೋತು, ಮಲ ತಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇದಕ್ಕೆ ಮೆಗಾಕೋಲನ್ ಎಂದು ಹೆಸರು. ಔಷಧಕ್ಕೆ ಬಗ್ಗದಿದ್ದರೆ ದೊಡ್ಡ ಕರುಳಿನ ಬಹುಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕಾಗುತ್ತದೆ.

ಕಾರಣ ನಮ್ಮ ಮನೆಯಲ್ಲೇ ಇರಬಹುದು

ಮೊದಲ ಕಾರಣ ನೀರು. ಸಾಕು ಬೆಕ್ಕಿನ ಪೂರ್ವಜರು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕುಗಳು. ಅವಕ್ಕೆ ಬೇಕಾದ ನೀರಿನ ಬಹುಪಾಲು ಬೇಟೆಯ ಮಾಂಸದಿಂದಲೇ ಸಿಗುತ್ತಿತ್ತು. ಇಲಿಯ ದೇಹದಲ್ಲಿ ಶೇ. 70ರಷ್ಟು ನೀರೇ. ಹಾಗಾಗಿ ಬಾಯಾರಿಕೆ ಅರಿತು ಕುಡಿಯುವ ಬುದ್ಧಿ ಬೆಕ್ಕಿಗೆ ಕಡಿಮೆ. ಅಂಗಡಿಯ ಒಣ ಬಿಸ್ಕತ್ತಿನಂಥ ಆಹಾರದಲ್ಲಿ ನೀರು ಶೇ. 10ರಷ್ಟು ಮಾತ್ರ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಆಹಾರದ್ದೂ ಸೇರಿ ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು. ದಿಂಡಿಗಲ್‌ನ ಏಪ್ರಿಲ್ - ಮೇ ಬಿಸಿಲಲ್ಲಿ ಒಣ ಆಹಾರ ತಿಂದು, ಒಂದೇ ಬಟ್ಟಲಿನ ಹಳೆ ನೀರು ಮೂಸಿ ಬಿಡುವ ಬೆಕ್ಕಿಗೆ ಹೊಟ್ಟೆ ಕಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಮೂಳೆ. ಭಾನುವಾರದ ಬಿರಿಯಾನಿ ಮುಗಿದ ಮೇಲೆ ಎಲೆಯಲ್ಲಿ ಉಳಿದ ಕೋಳಿ ಮೂಳೆ ಬೆಕ್ಕಿನ ಪಾಲು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಅಗಿದು ಪುಡಿಯಾದ ಮೂಳೆ ಮಲವನ್ನು ಸುಣ್ಣದ ಗಾರೆಯಂತೆ ಗಟ್ಟಿ ಮಾಡುತ್ತದೆ.

ಮೂರನೆಯದು ದಾರ. ನಿಲಕ್ಕೋಟೈ ಹೂವಿನ ಮಾರುಕಟ್ಟೆಯ ಸುತ್ತಲಿನ ಮನೆಗಳಲ್ಲಿ ಹೂ ಕಟ್ಟುವ ದಾರ, ಚಿನ್ನಾಳಪಟ್ಟಿಯಂಥ ನೇಯ್ಗೆಯ ಊರುಗಳಲ್ಲಿ ನೂಲು, ಎಲ್ಲ ಕಡೆ ಹೊಲಿಗೆ ಮೆಷಿನ್ನಿನ ದಾರ. ಆಟವಾಡುತ್ತಾ ಬೆಕ್ಕು ಅದನ್ನು ನುಂಗುತ್ತದೆ. ದಾರದ ಒಂದು ತುದಿ ನಾಲಿಗೆ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡರೆ ಕರುಳು ನೆರಿಗೆ ನೆರಿಗೆಯಾಗಿ ಎಳೆದುಕೊಳ್ಳುತ್ತದೆ. ಗುದದಲ್ಲಿ ದಾರ ನೇತಾಡುವುದು ಕಂಡರೆ ಎಳೆಯಲೇಬೇಡಿ. ಎಳೆದರೆ ಕರುಳು ಹರಿಯುತ್ತದೆ. ಹಾಗೆಯೇ ವೈದ್ಯರ ಬಳಿ ಒಯ್ಯಿರಿ.

ಉಳಿದ ಕಾರಣಗಳೂ ಇವೆ. ಪರ್ಷಿಯನ್‌ನಂಥ ಉದ್ದ ಕೂದಲಿನ ಬೆಕ್ಕು ಮೈ ನೆಕ್ಕಿ ನುಂಗಿದ ಕೂದಲು, ಬೊಜ್ಜು, ಮುದಿ ಬೆಕ್ಕಿನ ಮೂತ್ರಪಿಂಡದ ಕಾಯಿಲೆ, ಕೀಲುನೋವು, ಗಲೀಜಾದ ಮರಳಿನ ಟ್ರೇ. ಬೈಕಿಗೋ ಕಾರಿಗೋ ಸಿಕ್ಕಿ ಬದುಕುಳಿದ ಬೆಕ್ಕಿನ ಸೊಂಟದ ಮೂಳೆ ಸೊಟ್ಟಗೆ ಕೂಡಿಕೊಂಡು, ಮಲದ ದಾರಿ ಕಿರಿದಾಗಿರುವುದೂ ಉಂಟು. ಅಪಘಾತವಾಗಿ ತಿಂಗಳುಗಳ ನಂತರ ಈ ತೊಂದರೆ ಕಾಣಿಸಿಕೊಳ್ಳಬಹುದು. ವೈದ್ಯರಿಗೆ ಆ ಹಳೆಯ ಸಂಗತಿಯನ್ನೂ ಹೇಳಿ.

ಮನೆಯಲ್ಲಿ ಏನು ಮಾಡಬಹುದು?

ಬೆಕ್ಕು ಚುರುಕಾಗಿದೆ, ತಿನ್ನುತ್ತಿದೆ, ವಾಂತಿ ಇಲ್ಲ, ಮೂತ್ರ ಹೋಗುತ್ತಿದೆ, ಮಲ ಮಾತ್ರ ಗಟ್ಟಿ ಎಂದಾದರೆ ಒಂದೆರಡು ದಿನ ಮನೆಯಲ್ಲೇ ನೋಡಬಹುದು.

* ನೀರಿನ ಬಟ್ಟಲು ಒಂದರ ಬದಲು ಮೂರು ಕಡೆ ಇಡಿ. ಊಟದ ತಟ್ಟೆಯಿಂದ, ಮರಳಿನ ಟ್ರೇಯಿಂದ ದೂರ ಇರಲಿ. ದಿನಕ್ಕೆರಡು ಬಾರಿ ನೀರು ಬದಲಿಸಿ.

* ಒಣ ಆಹಾರ ನಿಲ್ಲಿಸಿ. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ ಅಥವಾ ಮುಳ್ಳು ತೆಗೆದ ಮೀನನ್ನು ಅದರ ಬೇಯಿಸಿದ ನೀರಿನ ಸಮೇತ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೀಳಲೇಬಾರದು. ಇವು ಬೆಕ್ಕಿನ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಕೊಡೈಕೆನಾಲ್ ಮಲೆ ಬೆಳ್ಳುಳ್ಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆದರೆ ಬೆಕ್ಕಿಗೆ ಅದೂ ವಿಷವೇ!

* ಸಿಹಿಗುಂಬಳಕಾಯಿಯನ್ನು ಬರೀ ನೀರಿನಲ್ಲಿ ಬೇಯಿಸಿ, ಹಿಸುಕಿ, ಒಂದು ಟೀ ಚಮಚದಷ್ಟು ಊಟಕ್ಕೆ ಬೆರೆಸಿ. ಇಲ್ಲವೇ ಕಾಲು ಟೀ ಚಮಚ ಇಸಬ್‌ಗೋಲನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಬೆರೆಸಬಹುದು. ನಾರು ಕೆಲಸ ಮಾಡಲು ನೀರು ಬೇಕು. ನೀರು ಕುಡಿಯದ, ಊಟ ಬಿಟ್ಟ ಬೆಕ್ಕಿಗೆ ನಾರು ತುರುಕಿದರೆ ತೊಂದರೆ ಹೆಚ್ಚುತ್ತದೆ.

* ಆಟವಾಡಿಸಿ, ಕೂದಲು ಬಾಚಿ, ಟ್ರೇಯ ಮರಳು ದಿನವೂ ಶುಚಿ ಮಾಡಿ.

ಇವನ್ನು ಮಾಡಲೇಬೇಡಿ

ಹರಳೆಣ್ಣೆ, ಲಿಕ್ವಿಡ್ ಪ್ಯಾರಾಫಿನ್: ಬಾಯಿ ಒತ್ತಿ ಹಿಡಿದು ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ರುಚಿ ವಾಸನೆ ಇಲ್ಲದ ಪ್ಯಾರಾಫಿನ್ ಗಂಟಲಿಗೆ ಇಳಿದದ್ದೂ ತಿಳಿಯದೆ ಬೆಕ್ಕು ಕೆಮ್ಮುವುದೂ ಇಲ್ಲ. ಹೊಟ್ಟೆ ಸರಿಹೋಗುವ ಮೊದಲು ನ್ಯುಮೋನಿಯಾ ಬರುತ್ತದೆ. ಹರಳೆಣ್ಣೆ ಕರುಳನ್ನು ಕೆರಳಿಸಿ ಹಿಂಡುತ್ತದೆ. ದಾರಿ ಮುಚ್ಚಿದ್ದರೆ ಹಿಂಡಿದಷ್ಟೂ ಅಪಾಯ.

ಮೆಡಿಕಲ್ ಅಂಗಡಿಯ ಎನಿಮಾ: ಮನುಷ್ಯರಿಗೆ ಮಾರುವ ಫಾಸ್ಫೇಟ್ ಎನಿಮಾ ಬೆಕ್ಕಿಗೆ ಮಾರಕ. ಫಾಸ್ಫೇಟ್ ರಕ್ತಕ್ಕೆ ಸೇರಿ ಕ್ಯಾಲ್ಸಿಯಂ ಕುಸಿಯುತ್ತದೆ, ಬೆಕ್ಕು ಸೆಳೆತ ಬಂದು ಸಾಯಬಹುದು.

ಸೋಪಿನ ಚೂರು, ವೀಳ್ಯದೆಲೆ ತೊಟ್ಟು: ಕೂಸುಗಳಿಗೆ ಮಾಡುವಂತೆ ಬೆಕ್ಕಿಗೆ ಮಾಡಬೇಡಿ. ಒಳಚರ್ಮ ಸುಟ್ಟು ಗಾಯವಾಗುತ್ತದೆ.

ನಮ್ಮ ಮಾತ್ರೆಗಳು: ಭೇದಿ ಮಾತ್ರೆಯ ಪ್ರಮಾಣ ವೈದ್ಯರೇ ಹೇಳಬೇಕು. ನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟರಂತೂ ಒಂದೇ ಮಾತ್ರೆಗೆ ಬೆಕ್ಕಿನ ಪ್ರಾಣ ಹೋಗಬಹುದು.

ಹಾಲು, ಒಣದ್ರಾಕ್ಷಿ, ಬಾಳೆಹಣ್ಣು: ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ. ಬೇಧಿಯಾಗಿ ಇರುವ ನೀರೂ ಹೋಗುತ್ತದೆ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆತಿದೆ, ಕಣಿವೆಗೆ ಅದು ಹೆಮ್ಮೆ. ಆದರೆ ದ್ರಾಕ್ಷಿ, ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡ ಕೆಡಿಸುತ್ತವೆ. ಬೆಕ್ಕಿಗೂ ಕೊಡದಿರುವುದೇ ಕ್ಷೇಮ. ಬೆಕ್ಕಿನ ನಾಲಿಗೆಗೆ ಸಿಹಿಯೇ ತಿಳಿಯದು, ಬಾಳೆಹಣ್ಣು ಕೊಟ್ಟು ಪ್ರಯೋಜನವಿಲ್ಲ.

ವೈದ್ಯರ ಬಳಿ ಏನು ಹೇಳಬೇಕು?

ಆಸ್ಪತ್ರೆಯಲ್ಲಿ ಮಾತು ತಮಿಳಿನಲ್ಲೇ. ಬಾಗಿಲಲ್ಲೇ 'ಮಲಚ್ಚಿಕ್ಕಲ್' ಎಂದು ನೀವೇ ರೋಗ ತೀರ್ಮಾನಿಸಿ ಹೇಳಬೇಡಿ. ಕಂಡದ್ದನ್ನು ಕಂಡಂತೆ ಹೇಳಿ. ಗಂಡೋ ಹೆಣ್ಣೋ, ವಯಸ್ಸೆಷ್ಟು, ಕೊನೆಯ ಬಾರಿ ಮಲ ಹೋದದ್ದು ಯಾವಾಗ, ಮೂತ್ರ ಹೋದದ್ದು ಯಾವಾಗ, ವಾಂತಿ ಇದೆಯೇ, ಏನು ತಿಂದಿತ್ತು, ಮನೆಯಲ್ಲಿ ಏನು ಮದ್ದು ಕೊಟ್ಟಿರಿ. ಮೂತ್ರ ಹೋಗುತ್ತಿಲ್ಲ ಎಂಬ ಅನುಮಾನವಿದ್ದರೆ 'ಸಿರುನೀರ್ ಅಡೈಪ್ಪು' ಇರಬಹುದೇ ಎಂದು ಮೊದಲ ಮಾತಲ್ಲೇ ಕೇಳಿ. ಹರಳೆಣ್ಣೆ ಕುಡಿಸಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ.

ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಬೇಕಿದ್ದರೆ ಎಕ್ಸ್‌ರೇ ತೆಗೆಸುತ್ತಾರೆ. ನೀರಿನಂಶ ಕಡಿಮೆಯಾಗಿದ್ದರೆ ಮೊದಲು ಡ್ರಿಪ್ ಅಥವಾ ಚರ್ಮದಡಿ ದ್ರವ ಕೊಡುತ್ತಾರೆ. ಬೆಚ್ಚನೆ ನೀರಿನ ಎನಿಮಾ, ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ ಮುಂದಿನ ಹೆಜ್ಜೆ. ತೀರಾ ಗಟ್ಟಿಯಾಗಿದ್ದರೆ ಅರಿವಳಿಕೆ ಕೊಟ್ಟು ಕೈಯಿಂದಲೇ ತೆಗೆಯುತ್ತಾರೆ.

ಪಶು ಆಸ್ಪತ್ರೆ ಎಂದರೆ ದನ, ಆಡುಗಳಿಗೆ ಮಾತ್ರ ಎಂಬ ಸಂಕೋಚ ಬೇಡ. ಮೊದಲು ಊರಿನ ಸರ್ಕಾರಿ ಪಶು ವೈದ್ಯರನ್ನು ಕೇಳಿ. ತೇನಿ ಜಿಲ್ಲೆಯಲ್ಲೇ 2020ರಿಂದ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜು ಇದೆ. 1962 ಸಂಖ್ಯೆಯ ಸಂಚಾರಿ ಪಶು ಆಂಬುಲೆನ್ಸ್ ಮುಖ್ಯವಾಗಿ ದನಕರುಗಳಿಗಾಗಿ ಇರುವುದು, ಬೆಕ್ಕಿಗೆ ಸಹಾಯ ಸಿಗುತ್ತದೆಯೇ ಎಂದು ಕೇಳಿ ನೋಡಿ. ಕಂಬಂನಿಂದ ತೇನಿಗೆ ಸುಮಾರು 40 ಕಿ.ಮೀ. ದಾರಿ. ಹೊರಡುವ ಮುನ್ನ ಫೋನ್ ಮಾಡಿ, ಬೆಕ್ಕು ನೋಡುವ ವೈದ್ಯರು ಇದ್ದಾರೆಯೇ ಎಂದು ವಿಚಾರಿಸಿ. ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಹಳೆ ಬಟ್ಟೆ ಹಾಸಿ ಒಯ್ದರೆ ಬಸ್ಸಿನಲ್ಲಿ ಗಾಬರಿಯಾಗದು.

ನೆನಪಿಡಿ

* ಮುಕ್ಕುವ ಬೆಕ್ಕು ಕಂಡರೆ ಮೊದಲು ಮೂತ್ರ ಹೋಗುತ್ತಿದೆಯೇ ನೋಡಿ.

* ಗಂಡು ಬೆಕ್ಕು, ಮರಳು ಒಣ ಎಂದರೆ ಆ ಕ್ಷಣವೇ ವೈದ್ಯರು.

* ಮೂತ್ರ ಸರಿಯಿದ್ದು ಮಲ ಮಾತ್ರ ಗಟ್ಟಿಯಾಗಿದ್ದರೆ ನೀರು, ಒದ್ದೆ ಆಹಾರ, ಸ್ವಲ್ಪ ಸಿಹಿಗುಂಬಳ.

* ಮೂರನೇ ದಿನವೂ ಮಲ ಹೋಗದಿದ್ದರೆ, ಅಥವಾ ಅದಕ್ಕೂ ಮೊದಲೇ ವಾಂತಿ, ಊಟ ಬಿಡುವುದು, ಮಂಕು ಕಂಡರೆ ವೈದ್ಯರು.

* ಹರಳೆಣ್ಣೆ ಬಾಟಲಿ ಮಾತ್ರ ಇದ್ದಲ್ಲೇ ಇರಲಿ.