ಒಡನಾಡಿಗಳಿಲ್ಲದ ಮಕ್ಕಳು

ಮಾನ್ವಿಯ ಕಡೆಯ ಹಳ್ಳಿಯೊಂದರಿಂದ ತಾಯಿಯೊಬ್ಬಳು ತನ್ನ ಎಂಟು ವರ್ಷದ ಮಗನನ್ನು ಕರೆದುಕೊಂಡು ಈಚೆಗೆ ನಮ್ಮ ಕಚೇರಿಗೆ ಬಂದಿದ್ದಳು. ಹುಡುಗನು ಅರ್ಧ ತಾಸಿನವರೆಗೆ ನಮ್ಮ ಮುಖವನ್ನೊಮ್ಮೆಯೂ ನೋಡಲಿಲ್ಲ. ಮೇಜಿನ ಮೇಲೆ ಚೆಲ್ಲಿದ್ದ ಹಳೆಯ ಸಂಚಿಕೆಗಳನ್ನು ತಾರೀಖಿನ ಕ್ರಮದಿಂದ ಜೋಡಿಸುತ್ತ ಕುಳಿತನು. ನಮ್ಮವರೊಬ್ಬರು ತಿಳಿಯದೆ ಅದರಿಂದ ಒಂದು ಸಂಚಿಕೆಯನ್ನು ಎಳೆದುಕೊಂಡಾಗ ಕಿವಿ ಮುಚ್ಚಿಕೊಂಡು ಚೀರಿದನು. ಉಳಿದ ಮಕ್ಕಳಿಗೆ ತೊಂದರೆಯಾಗುವದೆಂಬ ಕಾರಣದಿಂದ ಅವನನ್ನು ಶಾಲೆಗೆ ಕಳಿಸಬೇಡವೆಂದು ಹೇಳಿದ್ದಾರಂತೆ. ತಾಯಿ ಅವನನ್ನು ರಾಯಚೂರಿಗೆ ತಂದು ವೈದ್ಯರಿಗೆ ತೋರಿಸಿದ್ದಾಳೆ. ಮಾತು ಕಲಿಸುವವರ ಹತ್ತಿರ ಎರಡು ವರ್ಷ ಬಸ್ಸಿನಲ್ಲಿ ಹೊತ್ತು ತಿರುಗಿದ್ದಾಳೆ. ಈಗೇನು ಬೇಕೆಂದು ನಾವು ಕೇಳಿದಾಗ ಆಕೆ ಅಂದದ್ದಿಷ್ಟೆ: "ಮಾತು ಬರ್ತಾವ್ರೀ ಅವಗ. ಮಾತಾಡ್ಲಿಕ್ಕೆ ಯಾರೂ ಇಲ್ರೀ."

ಈ ಸ್ಥಿತಿಯನ್ನು ವೈದ್ಯರು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಶಬ್ದವು ಬಳಕೆಗೆ ಬಂದಿದೆ. ನಮ್ಮ ಊರುಗಳಲ್ಲಿ ಮಾತ್ರ ಮಂಕ, ಹುಚ್ಚ, ಗಾಳಿ ಸೋಕಿದವ ಎಂಬ ಹೆಸರುಗಳೇ ಇನ್ನೂ ನಡೆದಿವೆ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಆಟಿಸಂ, ಬುದ್ಧಿಯ ಬೆಳವಣಿಗೆಯ ಕುಂದು, ಕಲಿಕೆಯ ತೊಡಕು ಇವುಗಳನ್ನೊಳಗೊಂಡು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಇಂಥ ಮಕ್ಕಳ ಸಂಖ್ಯೆ ಅಲ್ಪವೆಂದು ವಾಚಕರು ತಿಳಿಯಬಾರದು. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯು ದೇಶದ ಐದು ಕಡೆಗಳಲ್ಲಿ 6ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿ, ನೂರಕ್ಕೆ 13ಕ್ಕಿಂತ ಹೆಚ್ಚು ಮಂದಿಗೆ ನರಗಳ ಬೆಳವಣಿಗೆಗೆ ಸಂಬಂಧಿಸಿದ ಒಂದಿಲ್ಲೊಂದು ತೊಡಕಿರುವದನ್ನು ಕಂಡಿತು. ಕಿವಿ, ಕಣ್ಣುಗಳ ದೋಷವೂ ಮೂರ್ಛೆರೋಗವೂ ಆ ಲೆಕ್ಕದಲ್ಲಿರುವದರಿಂದ ಅಷ್ಟೂ ಮಂದಿ ನಮ್ಮ ಇಂದಿನ ವಿಷಯಕ್ಕೆ ಸೇರಿದವರಲ್ಲ, ನಿಜ. ಆ ಐದು ಕಡೆಗಳಲ್ಲಿ ಹೈದರಾಬಾದು ಒಂದು. ಕರ್ನಾಟಕದ ಊರು ಒಂದೂ ಇರಲಿಲ್ಲ.

ಅಂಥ ಮಕ್ಕಳಿಗೆ ಒಡನಾಟವನ್ನೇ ಕಲಿಸುವ ಒಂದು ಪದ್ಧತಿ ಇದೆ. ಪರದೇಶಗಳಲ್ಲಿಯೂ ನಮ್ಮ ದೊಡ್ಡ ನಗರಗಳಲ್ಲಿಯೂ ಅದನ್ನು ಸಾಮಾಜಿಕ ಕೌಶಲದ ಗುಂಪು ಎನ್ನುತ್ತಾರೆ. ನಾವು ಒಡನಾಟದ ಗುಂಪು ಎನ್ನೋಣ. ಒಂದೇ ವಯಸ್ಸಿನ ನಾಲ್ಕಾರು ಮಕ್ಕಳು, ಒಬ್ಬ ಶಿಕ್ಷಕಿ, ಒಬ್ಬ ಸಹಾಯಕಿ, ವಾರಕ್ಕೊಮ್ಮೆ ಒಂದು ತಾಸು. ಅಂದು ನಡೆಯಬೇಕಾದದ್ದನ್ನೆಲ್ಲ ಮೊದಲೇ ಚಿತ್ರದಲ್ಲಿ ತೋರಿಸಿಡುತ್ತಾರೆ. ಯಾಕೆಂದರೆ ಮುಂದೇನೆಂಬದು ತಿಳಿಯದ ಭಯವೇ ಈ ಮಕ್ಕಳ ಅರ್ಧ ಚೀರಾಟಕ್ಕೆ ಕಾರಣ. ಆ ಮೇಲೆ ಒಂದೇ ಒಂದು ಪಾಠ: ಸರದಿ ಬರುವವರೆಗೆ ಕಾಯುವದು, ಆಡುತ್ತಿರುವವರನ್ನು "ನಾನೂ ಬರಲೇ" ಎಂದು ಕೇಳುವದು, ಸೋತಾಗ ತಾಳಿಕೊಳ್ಳುವದು, ಬೇಡವಾದದ್ದಕ್ಕೆ ಬೇಡವೆನ್ನುವದು. ಶಿಕ್ಷಕಿ ಮಾಡಿ ತೋರಿಸುತ್ತಾಳೆ, ಮಕ್ಕಳು ಮಾಡುತ್ತಾರೆ, ಅದನ್ನೇ ಆಟದಲ್ಲಿ ಆಡುತ್ತಾರೆ, ಮನೆಯಲ್ಲಿ ಏನು ಮಾಡಿಸಬೇಕೆಂಬದನ್ನು ತಾಯಿಗೆ ಹೇಳಿ ಕಳಿಸುತ್ತಾರೆ.

ಇದಕ್ಕೆ ಬೇಕಾದ ಸಾಮಗ್ರಿ ವಿಲಾಯತಿಯಿಂದ ಬರಬೇಕಾಗಿಲ್ಲ. ಲೆಗೋ ಎಂಬ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಮಕ್ಕಳನ್ನು ಕೂಡಿಸುವ ಒಂದು ವಿಧಾನವನ್ನು ಅಮೇರಿಕೆಯ ಲೆಗಾಫ್ ಎಂಬವರು 2004ರಲ್ಲಿ ಪ್ರಕಟಿಸಿದರು. ಒಬ್ಬನು ನಕ್ಷೆ ನೋಡಿ ಹೇಳಬೇಕು, ಎರಡನೆಯವನು ತುಣುಕನ್ನು ಹುಡುಕಿ ಕೊಡಬೇಕು, ಮೂರನೆಯವನು ಕಟ್ಟಬೇಕು. ಒಬ್ಬರಿಗೊಬ್ಬರು ಮಾತಾಡದೆ ಕೆಲಸ ಮುಂದೆ ಸಾಗಲಾರದು. ನಮ್ಮ ಮಣ್ಣೆತ್ತಿನ ಅಮಾವಾಸ್ಯೆಗೆ ಹುಡುಗರು ಎರೆಮಣ್ಣು ಕಲಸಿ ಎತ್ತು ಮಾಡುವದನ್ನು ಈ ರೀತಿ ಹಂಚಿಕೊಟ್ಟರೆ ಅದೇ ಪಾಠವಾಗುತ್ತದೆ. ಚೌಕಾಬಾರದ ಕವಡೆ ಕೈಯಿಂದ ಕೈಗೆ ಹೋಗುವಾಗ ಕಾಯುವದನ್ನು ಕಲಿಸುವಷ್ಟು ಚೆನ್ನಾಗಿ ಯಾವ ಪುಸ್ತಕವೂ ಕಲಿಸಲಾರದು. ಹಿಂದೆ ನಮ್ಮ ಓಣಿಗಳೇ ಈ ಶಾಲೆಯಾಗಿದ್ದವೆಂದು ಹಿರಿಯರು ಹೇಳುವದುಂಟು. ನಾವೂ ಅದೇ ಓಣಿಗಳಲ್ಲಿ ಬೆಳೆದವರು. ಮಾತು ತೊದಲುವ ಹುಡುಗನ ಬೆನ್ನ ಹಿಂದೆ ಕಲ್ಲೆಸೆಯುತ್ತ ಓಡಿದವರಲ್ಲಿ ನಾವೂ ಒಬ್ಬರಾಗಿದ್ದೆವು. ಆದುದರಿಂದ ಹಳೆಯ ಓಣಿಯ ಹೊಗಳಿಕೆಯನ್ನು ನಾವು ಒಪ್ಪಲಾರೆವು.

ಗುಂಪಿನಿಂದ ನಿಜವಾಗಿ ಪ್ರಯೋಜನವುಂಟೋ ಎಂದು ಕೇಳುವವರಿಗೆ ಇದ್ದದ್ದನ್ನು ಇದ್ದಂತೆ ಹೇಳತಕ್ಕದ್ದು. 2012ರಲ್ಲಿ ಕೊಕ್ರೇನ್ ಎಂಬ ಪರಿಶೀಲನ ಮಂಡಲಿಯು ಆಟಿಸಂ ಇದ್ದ 196 ಜನರ ಮೇಲೆ ನಡೆದ ಐದು ಪ್ರಯೋಗಗಳನ್ನು ತೂಗಿ ನೋಡಿ, ಒಡನಾಟದ ಶಕ್ತಿಯೂ ಗೆಳೆತನದ ಗುಣವೂ ಕೆಲಮಟ್ಟಿಗೆ ಸುಧಾರಿಸಿದ್ದನ್ನು ಕಂಡಿತು. ಆದರೆ ಪ್ರಯೋಗಗಳೆಲ್ಲ ಅಮೇರಿಕೆಯವು, ಚಿಕ್ಕವು. ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ ಕೊನಿ ಕಸಾರಿ ಎಂಬ ವಿದುಷಿಯೂ ಅವರ ಸಂಗಡಿಗರೂ ಆಟಿಸಂ ಇದ್ದ 60 ಮಕ್ಕಳಲ್ಲಿ ನಡೆಸಿದ ಪರೀಕ್ಷೆ ನಮಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕೆಲವರ ಪಾಲಿಗೆ ಆ ಮಗುವಿಗೇ ಪಾಠ ಹೇಳಲಾಯಿತು. ಕೆಲವರ ಪಾಲಿಗೆ ಮಗುವನ್ನು ಬಿಟ್ಟು ಅದರ ತರಗತಿಯ ಮೂರು ಮಕ್ಕಳಿಗೆ, ಒಂಟಿಯಾದವರನ್ನು ಹೇಗೆ ಸೇರಿಸಿಕೊಳ್ಳಬೇಕೆಂಬದನ್ನು ಕಲಿಸಲಾಯಿತು. ಆರು ವಾರಗಳ ಮೇಲೆ ನೋಡಿದಾಗ ತರಗತಿಯ ಗೆಳೆಯರ ಬಳಗದಲ್ಲಿ ಹೆಚ್ಚು ಸ್ಥಾನ ದೊರೆತದ್ದು, ಜೊತೆಗಾರರು ಪಾಠ ಕಲಿತ ಮಕ್ಕಳಿಗೆ! ಮಾನ್ವಿಯ ತಾಯಿ ಹೇಳಿದ್ದು ಇದನ್ನೇ ಅಲ್ಲವೆ? ಕೊರತೆ ಹುಡುಗನೊಬ್ಬನದೇ ಅಲ್ಲ, ಅವನ ಸುತ್ತಲಿನವರದೂ ಅಹುದು. ಆದುದರಿಂದ ಒಡನಾಟದ ಗುಂಪಿನಲ್ಲಿ ಅರ್ಧದಷ್ಟಾದರೂ ಓಣಿಯ ಸಾಮಾನ್ಯ ಮಕ್ಕಳೇ ಇರಬೇಕೆಂದು ನಾವು ಒತ್ತಿ ಹೇಳುತ್ತೇವೆ. ಕಣ್ಣಿಗೆ ಕಣ್ಣಿಟ್ಟು ನೋಡು, ಕೈ ಅಲ್ಲಾಡಿಸಬೇಡ ಎಂದು ಗದರಿ ಅವನನ್ನು ಉಳಿದವರಂತೆ ನಟಿಸುವ ಹಾಗೆ ಪಳಗಿಸುವದು ಗುಂಪಿನ ಉದ್ದೇಶವಾಗಬಾರದು. ಹಾಗೆ ಪಳಗಿದವರು ದೊಡ್ಡವರಾದ ಮೇಲೆ ತಾವು ಪಟ್ಟ ಆಯಾಸವನ್ನು ಬರೆದು ತಿಳಿಸಿದ್ದಾರೆ.

ಈಗ ನಮ್ಮ ಜಿಲ್ಲೆಯ ಮಾತು. ಡಾ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಇದ್ದವು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವು ಹೆಸರಾದ ಸ್ಥಳಗಳೇ; ಆದರೆ ದೇವದುರ್ಗದ ಕೂಲಿಕಾರನಿಗೆ ಅವು ಕಾಶಿಗಿಂತ ದೂರ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿಯ ಬೇಡಿಕೆ ನ್ಯಾಯವಾದದ್ದು; ಅದು ಸಫಲವಾಗಲಿ. ಆದರೆ ಒಡನಾಟದ ಗುಂಪು ಏಮ್ಸ್‌ಗಾಗಿ ಕಾಯಬೇಕಾಗಿಲ್ಲ. ಗ್ರಾಮ ಪಂಚಾಯತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ತಾಲ್ಲೂಕಿಗೊಬ್ಬರಂತೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ನೇಮಿಸುವ ಯೋಜನೆ ನಮ್ಮ ರಾಜ್ಯದಲ್ಲಿದೆ. ಶಿಕ್ಷಣ ಇಲಾಖೆಯಲ್ಲಿ ವಿಶೇಷ ಅಗತ್ಯದ ಮಕ್ಕಳ ಸಲುವಾಗಿಯೇ ಸಂಪನ್ಮೂಲ ಶಿಕ್ಷಕರ ಹುದ್ದೆಗಳಿವೆ, ತಾಲ್ಲೂಕಿನಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರವಿದೆ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ನೋಡಬೇಕು. ದೇವದುರ್ಗಕ್ಕಂತೂ ಈ ಕೆಲಸ ಹೊಸದಲ್ಲ; 1980ರ ದಶಕದ ಕೊನೆಯ ಭಾಗದಿಂದ ಸಮೂಹ ಎಂಬ ಸಂಸ್ಥೆಯು ಆ ಸೀಮೆಯ ಹಳ್ಳಿಗಳಲ್ಲಿ ದುಡಿದು, ಅಂಗವಿಕಲರ ಪುನರ್ವಸತಿಯು ಆಸ್ಪತ್ರೆಯಲ್ಲಿ ಮಾತ್ರವಲ್ಲ, ಅವರವರ ಊರಿನಲ್ಲಿಯೇ ಆಗಬಹುದೆಂದು ತೋರಿಸಿದೆ. ಇರುವವರನ್ನೇ ಒಂದು ಕೋಣೆಯಲ್ಲಿ ಕೂಡಿಸಿ, ಅವರಿಗೆ ತಕ್ಕ ತರಬೇತಿ ಕೊಡಿಸುವದಷ್ಟೇ ಉಳಿದಿದೆ. ತರಬೇತಿಯಿಲ್ಲದ ಸದುದ್ದೇಶವು ಈ ಮಕ್ಕಳ ಮೇಲೆ ಮತ್ತೊಂದು ಹೊರೆಯಾದೀತು.

ತೊಡಕುಗಳೂ ಇವೆ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತವೆ. ಜೂನಿನಲ್ಲಿ ಕೂಡಿದ ಗುಂಪು ಸಂಕ್ರಾಂತಿಯ ಹೊತ್ತಿಗೆ ಚದರೀತು. ಆದುದರಿಂದ ಗುಂಪಿನ ವರ್ಷವು ಕಚೇರಿಯ ಪಂಚಾಂಗವನ್ನಲ್ಲ, ಹೊಲದ ಪಂಚಾಂಗವನ್ನು ಅನುಸರಿಸಬೇಕು. ಹಿಂದೆ ಉಳಿಯುವ ಅಜ್ಜಿಯರನ್ನೂ ಪಾಠಕ್ಕೆ ಕರೆಯಬೇಕು. ಹೆಣ್ಣುಮಕ್ಕಳ ವಿಷಯವು ಇನ್ನೂ ಕಠಿಣ. ಮಾತಾಡದ ಹುಡುಗಿಯನ್ನು ನಮ್ಮವರು ಸಾಧು ಎಂದು ಹೊಗಳಿ ಪಾತ್ರೆ ತಿಕ್ಕಲು ಕೂಡಿಸುತ್ತಾರೆ, ಯಾವ ತಂಡದ ಕಣ್ಣಿಗೂ ಅವಳು ಬೀಳುವದಿಲ್ಲ.

ದೇವದುರ್ಗ, ಮಾನ್ವಿಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಬರುವ ಜೂನಿನೊಳಗಾಗಿ ತಮ್ಮ ತಮ್ಮ ಊರಿನಲ್ಲಿ ಒಂದೊಂದು ಗುಂಪನ್ನಾದರೂ ಆರಂಭಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಕೋಣೆಗಳು ಖಾಲಿ ಇರುತ್ತವೆ. ಮಾನ್ವಿಯ ಆ ತಾಯಿ ಯಾವ ದಿವಸವೆಂದು ಗೊತ್ತಾದರೆ ಸಾಕು, ಮಗನನ್ನು ಕರೆದುಕೊಂಡು ಬರುವೆನೆಂದು ಹೇಳಿ ಹೋಗಿದ್ದಾಳೆ. ಕೋಣೆಯ ಬೀಗದ ಕೈ ಅಂದು ಯಾರ ಹತ್ತಿರ ಇರುವದೆಂಬದನ್ನು ಅಧಿಕಾರಿಗಳು ಮೊದಲು ಗೊತ್ತುಮಾಡಲಿ.